ಅರವತ್ತು ದಾಟಿದ ಮೇಲೆ ಮನೆಯಲ್ಲೇ ರಸದ ಉಪವಾಸ ಆರಂಭಿಸಬಹುದೇ?

ಪ್ರಶ್ನೆ: ನಿವೃತ್ತ ನೌಕರ, ಕಲಬುರಗಿ

ಎಲ್ಲರಿಗೂ ಶರಣಾರ್ಥಿಗಳು. ನನಗೀಗ 63 ವರ್ಷ. ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಮೇಲೆ ಓಡಾಟ ಕಡಿಮೆಯಾಗಿ ತೂಕ 82 ಕಿಲೋಗೆ ಬಂದು ನಿಂತಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿದ ಗುಳಿಗೆಯನ್ನು ದಿನಕ್ಕೆ ಎರಡು ಸಲ, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಗುಳಿಗೆಯನ್ನು ಬೆಳಿಗ್ಗೆ ಒಂದು ಸಲ ತೆಗೆದುಕೊಳ್ಳುತ್ತೇನೆ. ಅಪ್ಪನ ಕೆರೆಯ ಕಡೆ ಬೆಳಗಿನ ನಡಿಗೆಗೆ ಬರುವ ಗೆಳೆಯರಲ್ಲಿ ಇಬ್ಬರು ಒಂದು ವಾರ ಬರೀ ಹಣ್ಣು ಮತ್ತು ತರಕಾರಿಯ ರಸ ಕುಡಿದು ತೂಕ ಇಳಿಸಿಕೊಂಡಿದ್ದಾರೆ. ಮಂಡಿ ನೋವು ಹಗುರಾಗಿದೆ, ಹೊಟ್ಟೆ ಸ್ವಚ್ಛವಾಗಿದೆ ಎನ್ನುತ್ತಾರೆ. ನಾನೂ ಮುಂದಿನ ಸೋಮವಾರದಿಂದ ಶುರು ಮಾಡಬೇಕೆಂದು ರಸ ತೆಗೆಯುವ ಯಂತ್ರವನ್ನೂ ಕೊಂಡಿದ್ದೇನೆ.

ಬೆಳಿಗ್ಗೆ ಬೂದುಗುಂಬಳ, ಹತ್ತು ಗಂಟೆಗೆ ಪಾಲಕ್ ಮತ್ತು ಸವತೆಕಾಯಿ, ಮಧ್ಯಾಹ್ನ ಗಜ್ಜರಿ ಮತ್ತು ಬೀಟ್‌ರೂಟ್, ಸಂಜೆ ಎಳನೀರು, ರಾತ್ರಿ ಮೋಸಂಬಿ, ಇದು ನನ್ನ ಯೋಜನೆ. ಏಳು ದಿನ ಹೀಗೆ ಇರಬಹುದೇ, ರಸವನ್ನು ಸೋಸಿ ಕುಡಿಯಬೇಕೇ, ಊಟವೇ ಇಲ್ಲದಿರುವಾಗ ಗುಳಿಗೆಗಳನ್ನು ಎಂದಿನಂತೆ ನುಂಗಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕು. ಮನೆಯವರು ಮಾತ್ರ, ‘ಶಿವರಾತ್ರಿಯ ಒಂದು ದಿನದ ಉಪವಾಸಕ್ಕೇ ಸಂಜೆಯೊಳಗೆ ಗೋಡೆ ಹಿಡಿದು ನಡೆಯುವವರು ಏಳು ದಿನ ಹೇಗೆ ಇರುತ್ತೀರಿ?’ ಎಂದು ಕೇಳುತ್ತಿದ್ದಾರೆ.

ಉತ್ತರ: ಔಷಧ ಅಂಗಡಿಯವ, ಬೀದರ

ಸರ್, ನಿಮ್ಮ ಮನೆಯವರು ಹೇಳಿದ ಆ ಗೋಡೆಯ ಮಾತನ್ನು ದಯವಿಟ್ಟು ತಮಾಷೆಯೆಂದು ಬಿಡಬೇಡಿ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಬಿಟ್ಟ ದಿನ ಸಂಜೆಗೆ ಕೈ ನಡುಗುವುದು, ಬೆವರುವುದು, ಕಣ್ಣು ಮಂಜಾಗುವುದು, ನಿಂತಲ್ಲಿ ಓಲಾಡುವುದು, ಇವೆಲ್ಲ ರಕ್ತದ ಸಕ್ಕರೆ ಕುಸಿದಿರುವ ಲಕ್ಷಣಗಳಾಗಿರಬಹುದು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಈ ಭಯ ಬಹಳ ಕಡಿಮೆ. ಆದರೆ ಗ್ಲಿಮೆಪಿರೈಡ್, ನೀವು ಉಂಡಿದ್ದೀರೋ ಇಲ್ಲವೋ ಎಂದು ನೋಡದೆ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಒಂದು ಲೋಟ ಮೋಸಂಬಿ ರಸ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ, ಎರಡು ಮೂರು ತಾಸಿನ ಬಳಿಕ ಹಿಡಿದು ನಿಲ್ಲಿಸುವ ರೊಟ್ಟಿ, ಬೇಳೆ ಹೊಟ್ಟೆಯಲ್ಲಿ ಇಲ್ಲದ್ದರಿಂದ ಅದು ಅಷ್ಟೇ ವೇಗವಾಗಿ ಇಳಿಯುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರೆ, ಹೀಗೆ ಇಳಿದ ಸಕ್ಕರೆ ಒಮ್ಮೆ ಮೇಲೆ ಬಂದರೂ ಮತ್ತೆ ಕುಸಿಯುವುದುಂಟು; ನಡುರಾತ್ರಿಯಲ್ಲಿ ನಿದ್ದೆಯೊಳಗೇ ಕುಸಿದರೆ ಮನೆಯವರಿಗೂ ಗೊತ್ತಾಗುವುದಿಲ್ಲ.

ಹಾಗೆಂದು ಗುಳಿಗೆಯನ್ನು ನೀವೇ ನಿಲ್ಲಿಸುವುದೂ ಸರಿಯಲ್ಲ. ನಮ್ಮ ಬೀದರದಲ್ಲಿ ರಂಜಾನ್ ತಿಂಗಳಿಗೆ ಮುಂಚೆಯೇ ಸಕ್ಕರೆ ಕಾಯಿಲೆಯ ಹಿರಿಯರು ವೈದ್ಯರ ಬಳಿ ಹೋಗಿ, ಸಹರಿಗೆ ಯಾವುದು, ಇಫ್ತಾರಿಗೆ ಯಾವುದು, ಎಷ್ಟು ಮಿಲಿಗ್ರಾಂ ಎಂದು ಬರೆಸಿಕೊಂಡು ಬಂದು ನಮ್ಮ ಅಂಗಡಿಯಲ್ಲಿ ಚೀಟಿ ತೋರಿಸುತ್ತಾರೆ. ಸಂಜೆಗೆ ಹೊಟ್ಟೆತುಂಬ ಊಟ ಸಿಗುವ ರೋಜಾಕ್ಕೇ ಇಷ್ಟು ಸಿದ್ಧತೆ ಬೇಕಾದರೆ, ಏಳು ದಿನ ಊಟವೇ ಇಲ್ಲದ ಉಪವಾಸಕ್ಕೆ ಅದು ಬೇಡವೆಂದು ಹೇಳಲು ನನಗಂತೂ ಧೈರ್ಯವಿಲ್ಲ.

ಇನ್ನು ಟೆಲ್ಮಿಸಾರ್ಟಾನ್ ವಿಷಯ. ಆ ಗುಳಿಗೆ ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗುವುದನ್ನು ತಗ್ಗಿಸುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಎಳನೀರು, ಪಾಲಕ್, ಬೀಟ್‌ರೂಟ್, ಮೋಸಂಬಿ ಎಲ್ಲದರಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ. ಮೂತ್ರಪಿಂಡ ಚೆನ್ನಾಗಿದ್ದವರಿಗೆ ಇದು ದೊಡ್ಡ ಮಾತಲ್ಲದಿರಬಹುದು, ಆದರೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸದೆ ಚೆನ್ನಾಗಿದೆ ಎಂದು ಹೇಳುವುದು ಹೇಗೆ? ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಜೊತೆಗೆ ಇದು ಮೇ ತಿಂಗಳು. 42 ಡಿಗ್ರಿಯ ಬಿಸಿಲಿನಲ್ಲಿ ಮೈಯ ನೀರು ಬತ್ತಿರುವಾಗ ಇದೇ ಗುಳಿಗೆ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಓದುವ ಬೇರೆಯವರಿಗೂ ಒಂದು ಮಾತು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ಉಪವಾಸವಿದ್ದರೆ, ಸಕ್ಕರೆಯ ಅಂಕಿ ಅಷ್ಟೇನೂ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ವಾಂತಿ, ಏದುಸಿರು ಬರುವ ಅಪಾಯವಿದೆ. ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸೆನೊಕೂಮರಾಲ್ ತೆಗೆದುಕೊಳ್ಳುವವರು ಸೊಪ್ಪಿನ ರಸವನ್ನು ಒಮ್ಮೆಲೇ ಹೆಚ್ಚಿಸಬಾರದು, ಏಕೆಂದರೆ ಸೊಪ್ಪಿನ ಕೆ ಜೀವಸತ್ವ ಆ ಔಷಧದ ಕೆಲಸವನ್ನು ಕುಂದಿಸುತ್ತದೆ.

ಉತ್ತರ: ಹೊಲಮನೆ, ಶಹಾಪುರ (ಯಾದಗಿರಿ ಜಿಲ್ಲೆ)

ಬೀದರದ ಅಣ್ಣನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಉಪವಾಸವೇ ಕೆಟ್ಟದ್ದು ಎಂಬ ಭಾವನೆ ಬಾರದಿರಲಿ. ನಮ್ಮ ಹಿರಿಯರು ಏಕಾದಶಿ, ಶ್ರಾವಣ ಸೋಮವಾರ ಎಂದು ಹೊಟ್ಟೆಗೆ ವಿರಾಮ ಕೊಡುತ್ತಲೇ ಬಂದಿದ್ದಾರೆ. ನಾನು ಪ್ರಕೃತಿ ಚಿಕಿತ್ಸಾಲಯವೊಂದರಲ್ಲಿ ಕೆಲವು ದಿನ ಇದ್ದು ರಸಾಹಾರ ಮಾಡಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇಲ್ಲ, ವಯಸ್ಸು 54. ತೂಕ ಇಳಿದದ್ದಕ್ಕಿಂತ, ದಿನಕ್ಕೆ ಆರೇಳು ಕಪ್ ಸಿಹಿ ಚಹಾ, ರಾತ್ರಿ ಹತ್ತು ಗಂಟೆಗೆ ಮಿರ್ಚಿ ಭಜಿ ಎಂಬ ಚಟ ಅಲ್ಲಿ ಬಿಟ್ಟುಹೋದದ್ದೇ ದೊಡ್ಡ ಲಾಭ. ಬ್ರಿಟನ್ನಿನಲ್ಲಿ ಕಡಿಮೆ ಶಕ್ತಿಯ ದ್ರವಾಹಾರದಿಂದ ಸಕ್ಕರೆ ಕಾಯಿಲೆಯೇ ಹಿಮ್ಮೆಟ್ಟಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಗಿದೆ, ಅದನ್ನೂ ಗಮನಿಸಬೇಕು.

ಆದರೆ ಒಂದನ್ನು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಬೆಳಿಗ್ಗೆ ಸಂಜೆ ನಾಡಿ ಮತ್ತು ರಕ್ತದೊತ್ತಡ ನೋಡುತ್ತಿದ್ದರು, ಮಧ್ಯಾಹ್ನ ಮಲಗಿಸುತ್ತಿದ್ದರು, ಉಪವಾಸ ಮುರಿಯುವಾಗ ಮೊದಲು ತೆಳು ಗಂಜಿ, ಮರುದಿನ ಬೇಯಿಸಿದ ತರಕಾರಿ, ಆಮೇಲೆ ರೊಟ್ಟಿ ಎಂದು ಹಂತ ಹಂತವಾಗಿ ಕೊಡುತ್ತಿದ್ದರು. ಮನೆಯಲ್ಲಿ ಈ ಕಾವಲು ಇರುವುದಿಲ್ಲ. ಏಳನೆಯ ದಿನ ರಾತ್ರಿಯೇ ಯಾರದ್ದೋ ಮದುವೆಯ ಊಟಕ್ಕೆ ಹೋಗಿ ಹೋಳಿಗೆ ತಿಂದು ಕೂರುವವರೂ ನಮ್ಮಲ್ಲಿದ್ದಾರೆ. ಆದ್ದರಿಂದ ಮಾಡುವುದಾದರೆ ಏಳು ದಿನ ಬೇಡ, ವೈದ್ಯರು ಒಪ್ಪಿದರೆ ಒಂದು ದಿನ ಮಾಡಿ ನೋಡಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಗೃಹವಿಜ್ಞಾನದ ಉಪನ್ಯಾಸಕಿ, ಕಲಬುರಗಿ

ಶಹಾಪುರದವರು ಹೇಳಿದ್ದು ಡೈರೆಕ್ಟ್ ಎಂಬ ಅಧ್ಯಯನವೆಂದು ಕಾಣುತ್ತದೆ. ಅದರಲ್ಲಿ ಒಂದು ವರ್ಷದ ನಂತರ ಸುಮಾರು 46 ಶೇಕಡಾ ಜನರಲ್ಲಿ ಕಾಯಿಲೆ ಹಿಮ್ಮೆಟ್ಟಿದ್ದು ನಿಜ. ಆದರೆ ಅವರು ಕುಡಿದದ್ದು ಹಣ್ಣಿನ ರಸವಲ್ಲ; ಪ್ರೋಟೀನ್, ಜೀವಸತ್ವ, ಖನಿಜಗಳನ್ನು ಅಳೆದು ಸೇರಿಸಿದ ಪೇಯ. ಭಾಗವಹಿಸಿದವರು 65ರ ಒಳಗಿನವರು, ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರು, ಇನ್ಸುಲಿನ್ ತೆಗೆದುಕೊಳ್ಳದವರು. ಅವರ ಸಕ್ಕರೆಯ ಮತ್ತು ರಕ್ತದೊತ್ತಡದ ಗುಳಿಗೆಗಳನ್ನು ಮೊದಲ ದಿನವೇ ನಿಲ್ಲಿಸಿ ನಿಗಾ ಇಡಲಾಗಿತ್ತು. ಆ ಫಲಿತಾಂಶವನ್ನು ಗಜ್ಜರಿ ರಸಕ್ಕೆ ಅಂಟಿಸುವುದು ನ್ಯಾಯವಲ್ಲ.

ಸರ್, ನಿಮ್ಮ ವಯಸ್ಸಿನಲ್ಲಿ ನಾನು ಹೆಚ್ಚು ಚಿಂತಿಸುವುದು ಸ್ನಾಯುವಿನ ಬಗ್ಗೆ. ಅರವತ್ತರ ನಂತರ ಸ್ನಾಯು ತಾನಾಗಿಯೇ ಕರಗುತ್ತಿರುತ್ತದೆ, ಕಳೆದುಕೊಂಡದ್ದನ್ನು ಮತ್ತೆ ಕಟ್ಟುವುದು ಕಷ್ಟ. ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1 ಗ್ರಾಂನಷ್ಟಾದರೂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಅಂದರೆ ನಿಮಗೆ ಸುಮಾರು 80 ಗ್ರಾಂ. ನಿಮ್ಮ ಪಟ್ಟಿಯ ಐದೂ ರಸ ಸೇರಿದರೂ 10–15 ಗ್ರಾಂ ದಾಟುವುದು ಕಷ್ಟ. ಉಳಿದದ್ದನ್ನು ದೇಹ ತೊಡೆಯ, ತೋಳಿನ ಸ್ನಾಯುವಿನಿಂದ ಕಿತ್ತುಕೊಳ್ಳುತ್ತದೆ. ಮೊದಲ ದಿನಗಳಲ್ಲಿ ತಕ್ಕಡಿಯಲ್ಲಿ ಕಾಣುವ ಇಳಿಕೆಯಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ, ಅದು ಖರ್ಚಾದಾಗ ಆ ನೀರೂ ಹೊರಟುಹೋಗುತ್ತದೆ. ಊಟ ಆರಂಭಿಸಿದ ವಾರದಲ್ಲಿ ತೂಕ ಮರಳುವುದು ಇದರಿಂದಲೇ. ‘ಹೊಟ್ಟೆ ಸ್ವಚ್ಛ’ ಎಂಬುದಕ್ಕೂ ಆಧಾರ ಕಾಣೆ, ದೇಹದ ಕಸ ತೆಗೆಯುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ದಿನವೂ ಮಾಡುತ್ತಿರುತ್ತವೆ.

ಯಂತ್ರ ಕೊಂಡಿದ್ದೀರಲ್ಲ, ಒಮ್ಮೆ ನಾಲ್ಕು ಮೋಸಂಬಿ ಹಾಕಿ ನೋಡಿ. ಒಂದು ಲೋಟ ರಸ ಕೆಳಗೆ ಬರುತ್ತದೆ, ಅದರಲ್ಲಿ 20 ಗ್ರಾಂ ಆಸುಪಾಸು ಸಕ್ಕರೆ. ಪಕ್ಕದ ಡಬ್ಬಿಯಲ್ಲಿ ಹಿಪ್ಪೆ ಬೀಳುತ್ತದೆ, ನಿಮ್ಮ ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಹದದಲ್ಲಿಡಬೇಕಾದ ನಾರೆಲ್ಲ ಅದರಲ್ಲೇ. ನಾಲ್ಕು ಮೋಸಂಬಿಯನ್ನು ಸುಲಿದು, ತೊಳೆ ಬಿಡಿಸಿ ತಿನ್ನಲು ಅರ್ಧ ತಾಸು ಬೇಕು, ಎರಡನೆಯದಕ್ಕೇ ಸಾಕೆನಿಸುತ್ತದೆ. ಲೋಟವನ್ನೋ ಎರಡು ನಿಮಿಷದಲ್ಲಿ ಖಾಲಿ ಮಾಡುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಮಿತಿಯಲ್ಲಿಡಬೇಕಾದ ಸಕ್ಕರೆಗಳ ಗುಂಪಿಗೇ ಸೇರಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ರಸಕ್ಕಿಂತ ಇಡೀ ಹಣ್ಣನ್ನೇ ಮೇಲೆಂದು ಹೇಳುತ್ತದೆ. ಹಸಿ ಪಾಲಕ್ ರಸದ ಬಗ್ಗೆ ಇನ್ನೊಂದು ಎಚ್ಚರಿಕೆ ಬೇಕು. ಅದರಲ್ಲೂ ಬೀಟ್‌ರೂಟಿನಲ್ಲೂ ಮೂತ್ರಪಿಂಡದಲ್ಲಿ ಹರಳು ಕಟ್ಟಬಲ್ಲ ಆಕ್ಸಲೇಟ್ ಎಂಬ ಅಂಶ ಬಹಳ. ದಿನವೂ ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯದಲ್ಲಿ ವರದಿಯಾಗಿವೆ. ಹಿಂದೆ ಹರಳು ಆಗಿದ್ದವರಂತೂ ಅದರ ತಂಟೆಗೇ ಹೋಗಬಾರದು. ಅದೇ ಸೊಪ್ಪನ್ನು ಬೇಯಿಸಿ ನೀರು ಚೆಲ್ಲಿ, ಮೊಸರಿನೊಂದಿಗೆ ಉಂಡರೆ ಅಪಾಯ ಎಷ್ಟೋ ಕಡಿಮೆ.

ನಿಮ್ಮ ಉದ್ದೇಶ ತೂಕ ಇಳಿಸುವುದು ಮತ್ತು ಮಂಡಿಗೆ ಆರಾಮ ಕೊಡುವುದಾದರೆ, ಅದಕ್ಕೆ ಬೇಕಾದದ್ದು ನಮ್ಮ ತಟ್ಟೆಯಲ್ಲೇ ಇದೆ. ಮಧ್ಯಾಹ್ನಕ್ಕೆ ಮೂರು ಜೋಳದ ರೊಟ್ಟಿ ಉಣ್ಣುವವರು ಎರಡಕ್ಕೆ ಇಳಿಯಿರಿ. ತೊಗರಿ ಬೇಳೆ ಹಾಕಿದ ಪುಂಡಿ ಪಲ್ಯ ಅಥವಾ ಮೊಳಕೆ ಹೆಸರಿನ ಪಲ್ಯವನ್ನು ರೊಟ್ಟಿಗಿಂತ ಹೆಚ್ಚು ಬಡಿಸಿಕೊಳ್ಳಿ. ಹಸಿ ಮೆಂತೆ, ಉಳ್ಳಾಗಡ್ಡಿ, ಮೂಲಂಗಿ, ಸವತೆಕಾಯಿ ಪಕ್ಕದಲ್ಲಿರಲಿ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಜೋಳದಲ್ಲಿ 10 ಗ್ರಾಂ ಪ್ರೋಟೀನ್ ಇದೆ. ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಚಮಚಕ್ಕೆ ನಿಲ್ಲಲಿ, ಎಣ್ಣೆಯೂ ಅಷ್ಟೇ. ರಾತ್ರಿ ಏಳೂವರೆಗೆ ಊಟ ಮುಗಿಸಿ ಆಮೇಲೆ ಮಜ್ಜಿಗೆಯ ಹೊರತು ಏನನ್ನೂ ಮುಟ್ಟಬೇಡಿ. ಆದರೆ ರಾತ್ರಿಯ ಗುಳಿಗೆ ಇರುವುದರಿಂದ ಈ ಬದಲಾವಣೆಯನ್ನೂ ವೈದ್ಯರಿಗೆ ತಿಳಿಸಿಯೇ ಮಾಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. ಮೂತ್ರಪಿಂಡದ ಪರೀಕ್ಷೆ ಎರಡು ವರ್ಷದಿಂದ ಆಗಿಲ್ಲ. ಸೋಮವಾರದ ಯೋಜನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ವೈದ್ಯರ ಬಳಿ ಹೋದಾಗ ಏನೇನು ಕೇಳಬೇಕು, ಬೂದುಗುಂಬಳದ ಬದಲು ಸೋರೆಕಾಯಿ ರಸ ಬೆಳಿಗ್ಗೆ ಒಂದು ಲೋಟ ಕುಡಿಯಬಹುದೇ ಎಂಬುದನ್ನಷ್ಟು ತಿಳಿಸಿ.

ಉತ್ತರ: ಔಷಧ ಅಂಗಡಿಯವ, ಬೀದರ

ಕ್ರಿಯಾಟಿನಿನ್, ಪೊಟ್ಯಾಸಿಯಂ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮೂರನ್ನೂ ಮಾಡಿಸಿ ವರದಿ ಹಿಡಿದುಕೊಂಡೇ ಹೋಗಿ. ‘ಊಟ ತಡವಾದರೆ ಗ್ಲಿಮೆಪಿರೈಡ್ ಏನು ಮಾಡಲಿ, ತೂಕ ಇಳಿದಂತೆ ಯಾವ ಗುಳಿಗೆಯ ಪ್ರಮಾಣ ತಗ್ಗಿಸಬೇಕು’ ಎಂದು ಕೇಳಿ; ಶಿವರಾತ್ರಿಯ ಸಂಗತಿಯನ್ನು ನೀವು ಮರೆತರೂ ಮನೆಯವರು ಹೇಳಲಿ, ಅವರನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ. ನಡುಕ ಬಂದಾಗ ನೋಡಿ, ಅಂಕಿ 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಏನಾದರೂ ಗಟ್ಟಿ ಆಹಾರ ತಿನ್ನಿ. ಪ್ರಜ್ಞೆ ಮಸುಕಾಗಿದ್ದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ಉತ್ತರ: ಹೊಲಮನೆ, ಶಹಾಪುರ

ಸೋರೆಕಾಯಿಯನ್ನು ಕೊಯ್ದ ಕೂಡಲೇ ಒಂದು ಸಣ್ಣ ಹೋಳನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯೆನಿಸಿದರೆ ಉಗುಳಿ, ಇಡೀ ಕಾಯನ್ನೇ ಎಸೆಯಿರಿ. ಕಹಿ ಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಾಂಶವಿರುತ್ತದೆ. ಅದರ ರಸ ಕುಡಿದವರಿಗೆ ರಕ್ತವಾಂತಿಯಾಗಿ ರಕ್ತದೊತ್ತಡ ಕುಸಿದದ್ದೂ, ಪ್ರಾಣ ಹೋದದ್ದೂ ನಮ್ಮ ದೇಶದಲ್ಲೇ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ್ದ ತಜ್ಞರ ಸಮಿತಿಯೂ ರುಚಿ ನೋಡದೆ ಕುಡಿಯಬೇಡಿ, ಬೇರೆ ರಸದೊಂದಿಗೆ ಬೆರೆಸಬೇಡಿ ಎಂದು ಹೇಳಿದೆ. ನೆಲ್ಲಿಕಾಯಿ, ಶುಂಠಿ ಸೇರಿಸಿದರೆ ಕಹಿ ಮುಚ್ಚಿಹೋಗುತ್ತದೆ, ಬೆರೆಸಬೇಡಿ ಎನ್ನುವುದು ಅದಕ್ಕೇ. ನನ್ನನ್ನು ಕೇಳಿದರೆ ಸೋರೆಕಾಯಿಯನ್ನು ಕಡಲೆಬೇಳೆ ಹಾಕಿ ಪಲ್ಯ ಮಾಡಿಸಿಕೊಳ್ಳಿ. ಆಗಲೂ ಮೊದಲು ಚೂರು ರುಚಿ ನೋಡಿಯೇ ಒಲೆಗೆ ಏರಿಸಬೇಕು, ಏಕೆಂದರೆ ಬೇಯಿಸಿದ ಮಾತ್ರಕ್ಕೆ ಆ ಕಹಿ ಹೋಗುವುದಿಲ್ಲ.