ಸಹಾಯ ಬೇಕು: ಸಹೋದ್ಯೋಗಿಗಳನ್ನು ಮೆಚ್ಚಿಕೊಳ್ಳಲು ಒಂದು ಆ್ಯಪ್

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಒಬ್ಬರನ್ನೊಬ್ಬರು ಮೆಚ್ಚಿ ನಾಲ್ಕು ಮಾತು ಬರೆಯೋಕೆ ಒಂದು ಆ್ಯಪ್ ವಿನ್ಯಾಸ ಮಾಡುತ್ತಿದ್ದೇನೆ. ಹುಟ್ಟುಹಬ್ಬದ ಶುಭಾಶಯ ಸುಲಭ, ದಿನಾಂಕ ನೋಡಿ ತಾನಾಗೇ ಹೋಗುತ್ತದೆ. ಕಷ್ಟ ಇರುವುದು ಮೆಚ್ಚುಗೆಯಲ್ಲಿ. ಪಾಯಿಂಟ್, ಲೀಡರ್‌ಬೋರ್ಡ್ (ಯಾರಿಗೆ ಎಷ್ಟು ಪಾಯಿಂಟ್ ಅಂತ ತೋರಿಸುವ ಪಟ್ಟಿ) ಇಟ್ಟರೆ, ಕೆಲಸವನ್ನು ಎಲ್ಲರೆದುರು ತೋರಿಸಿ ಡೆಮೊ ಕೊಡುವವರೇ ಜಾಸ್ತಿ ಮೇಲೆ ಬರುತ್ತಾರೆ. ರಾತ್ರಿ ಪಾಳಿಯಲ್ಲಿ ಸರ್ವರ್ ನೋಡಿಕೊಂಡವರು ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ನನಗಂತೂ ಲೀಡರ್‌ಬೋರ್ಡ್ ಬೇಡ.

ಸುಮ್ನೆ 'ಗುಡ್ ಜಾಬ್' ಅಂತ ಹಾಕೋಕೆ ಬಿಡದೆ, 'ಅವರು ಏನು ಮಾಡಿದರು? ಯಾರಿಗೆ ಅನುಕೂಲ ಆಯ್ತು?' ಅಂತ ಕೇಳುವ ಯೋಚನೆ ಇದೆ. ಎಲ್ಲರೆದುರು ಹೊಗಳಿದರೆ ಮುಜುಗರ ಪಡುವವರೂ ಇರುತ್ತಾರೆ, ಅಲ್ವಾ? ಅವರಿಗೆ ಖಾಸಗಿಯಾಗಿ ಕಳಿಸುವ ಆಯ್ಕೆಯೂ ಇರಲಿ.

ಇಂಥದ್ದನ್ನು ಮಾಡಿದವರು ಯಾರಾದರೂ ಇದ್ದೀರಾ? ಮೊದಲ ಉತ್ಸಾಹ ಇಳಿದ ಮೇಲೂ ಜನ ಬರೆಯುತ್ತಿರಲು ಏನು ಮಾಡಿದಿರಿ? ಮ್ಯಾನೇಜರ್ ಒಪ್ಪಿದ ಮೇಲೇ ಮೆಚ್ಚುಗೆ ಕಾಣಬೇಕಾ, ನೇರವಾಗಿ ಹೋಗಬೇಕಾ? ದಯವಿಟ್ಟು ತಿಳಿಸಿ.