ಅಪ್‌ಡೇಟ್: ಜೆಮೀಟರ್‌ನಲ್ಲಿ ಎಲ್ಲವೂ ಹಸಿರು, ಆದರೆ ಆರ್ಡರ್ ಮಾತ್ರ ಇಲ್ಲ

ಜಾಲತಾಣದ ಮೇಲೆ ಏಕಕಾಲಕ್ಕೆ ಅನೇಕ ಬಳಕೆದಾರರ ಹೊರೆ ಹಾಕಿ ಪರೀಕ್ಷಿಸುವ ಸಾಧನವಾದ ಜೆಮೀಟರ್‌ನಲ್ಲಿ 300 ಥ್ರೆಡ್‌ಗಳನ್ನು (ಕೃತಕ ಬಳಕೆದಾರರನ್ನು) ಓಡಿಸಿದಾಗ ಎಲ್ಲ ಸಾಲುಗಳೂ ಹಸಿರಾಗಿದ್ದರೂ, ಅಂದರೆ ಯಶಸ್ವಿ ಎಂದು ತೋರಿಸಿದರೂ, ಡೇಟಾಬೇಸ್‌ನಲ್ಲಿ ಒಂದು ಆರ್ಡರ್ ಕೂಡ ದಾಖಲಾಗುತ್ತಿಲ್ಲ, ಜೊತೆಗೆ ಲ್ಯಾಪ್‌ಟಾಪ್ ಸ್ಥಗಿತಗೊಳ್ಳುತ್ತದೆ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು, ಎರಡೂ ಬಗೆಹರಿದಿವೆ.

ಮೊದಲನೆಯದರಲ್ಲಿ ತಪ್ಪು ಪೂರ್ತಿ ನನ್ನದೇ. ಹಸಿರು ಗುರುತನ್ನು ಕಂಡು ಸಮಾಧಾನಪಟ್ಟಿದ್ದೆನೇ ಹೊರತು ರೆಸ್ಪಾನ್ಸ್ ಡೇಟಾವನ್ನು ತೆರೆದು ನೋಡಿರಲಿಲ್ಲ. ನೋಡಿದರೆ, ಪ್ರತಿಯೊಂದು ಆರ್ಡರ್ ವಿನಂತಿಗೂ ಸರ್ವರ್ ಲಾಗಿನ್ ಪುಟವನ್ನೇ 200 ಎಂಬ ಯಶಸ್ಸಿನ ಸಂಕೇತದೊಂದಿಗೆ ಮರಳಿಸುತ್ತಿತ್ತು! ಲಾಗಿನ್ ಆದ ಗುರುತನ್ನು ಉಳಿಸಿಕೊಳ್ಳುವ ಎಚ್‌ಟಿಟಿಪಿ ಕುಕೀ ಮ್ಯಾನೇಜರ್ ಸೇರಿಸಿ, ಲಾಗಿನ್ ಫಾರ್ಮ್‌ನಲ್ಲಿ ಅಡಗಿದ್ದು ಪ್ರತಿ ಸಲವೂ ಬದಲಾಗುವ ಸಿಎಸ್‌ಆರ್‌ಎಫ್ ಟೋಕನ್ನನ್ನು (ನಕಲಿ ವಿನಂತಿಗಳನ್ನು ತಡೆಯುವ ಸುರಕ್ಷತಾ ಸಂಕೇತ) ರೆಗ್ಯುಲರ್ ಎಕ್ಸ್‌ಪ್ರೆಶನ್ ಎಕ್ಸ್‌ಟ್ರಾಕ್ಟರ್ ಮೂಲಕ ಹೆಕ್ಕಿ ಮುಂದಿನ ವಿನಂತಿಗೆ ಕೊಟ್ಟ ಮೇಲೆ ಆರ್ಡರ್‌ಗಳು ದಾಖಲಾಗತೊಡಗಿದವು. ಉತ್ತರದಲ್ಲಿ ಏನಿದೆ ಎಂದು ಪರಿಶೀಲಿಸುವ ರೆಸ್ಪಾನ್ಸ್ ಅಸರ್ಷನ್ ಇಲ್ಲದ ಹಸಿರನ್ನು ನಾನಿನ್ನು ನಂಬುವುದಿಲ್ಲ.

ಲ್ಯಾಪ್‌ಟಾಪ್ ಸ್ಥಗಿತಗೊಳ್ಳಲು ಕಾರಣ, ಪ್ರತಿ ಉತ್ತರವನ್ನೂ ಮೆಮೊರಿಯಲ್ಲಿ ಹಿಡಿದಿಡುವ ವ್ಯೂ ರಿಸಲ್ಟ್ಸ್ ಟ್ರೀ ಎಂಬ ಜೆಮೀಟರ್‌ನ ಫಲಿತಾಂಶ ನೋಟ. ಅದನ್ನು ತೆಗೆದು, ಪರೀಕ್ಷೆಯನ್ನು ಕಮಾಂಡ್ ಲೈನ್‌ನಿಂದ ಓಡಿಸಿ, ಫಲಿತಾಂಶವನ್ನು ಜೆಟಿಎಲ್ ಕಡತಕ್ಕೆ ಬರೆಸಿದೆ. ರ‍್ಯಾಂಪ್-ಅಪ್ ಅವಧಿಯನ್ನೂ (ಎಲ್ಲ ಬಳಕೆದಾರರೂ ಒಳಬರಲು ಕೊಡುವ ಸಮಯ) 1 ಸೆಕೆಂಡಿನಿಂದ 60ಕ್ಕೆ ಏರಿಸಿದ್ದರಿಂದ ಸೆಕೆಂಡಿಗೆ ಐವರಂತೆ ಬಳಕೆದಾರರು ಒಳಬರುತ್ತಾರೆ.

ಈಗ ಉತ್ತರ ಬರುವ ಸಮಯದ ಮೀಡಿಯನ್ (ಮಧ್ಯದ ಮೌಲ್ಯ) 0.4 ಸೆಕೆಂಡ್, 95ನೇ ಪರ್ಸೆಂಟೈಲ್ (ನೂರರಲ್ಲಿ 95 ವಿನಂತಿಗಳಿಗೆ ಉತ್ತರ ಸಿಗುವ ಸಮಯ) ಮಾತ್ರ 3.1 ಸೆಕೆಂಡ್. ಡೇಟಾಬೇಸ್ ಕನೆಕ್ಷನ್ ಪೂಲ್ (ಏಕಕಾಲಕ್ಕೆ ಬಳಸಬಹುದಾದ ಸಂಪರ್ಕಗಳ ಸಂಗ್ರಹ) 10ಕ್ಕೇ ಸೀಮಿತವಾಗಿರುವುದರಿಂದ ಮುಂದೆ ಈ ವಿಳಂಬದ ಕಾರಣವನ್ನು ಅಲ್ಲೇ ಹುಡುಕಲಿದ್ದೇನೆ.