ಮುತ್ತಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕಿಸೆ ರಿವಾಲ್ವರ್: ದುರಸ್ತಿ ಮತ್ತು ತೋಟಾ ಕುರಿತು

ಪ್ರಶ್ನೆ: ತೀರ್ಥಹಳ್ಳಿ ತೋಟಗಾರ

ಮಾನ್ಯರೇ, ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿರುವ ಹಳೆಯ ತೊಟ್ಟಿಮನೆ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲೆಂದು ಅಟ್ಟದ ಸಾಮಾನು ಇಳಿಸುತ್ತಿದ್ದಾಗ, ಪಟೇಲರಾಗಿದ್ದ ಮುತ್ತಜ್ಜನ ಬೀಟೆ ಮರದ ಪೆಟ್ಟಿಗೆಯ ತಳದಲ್ಲಿ, ಚರ್ಮದ ಚೀಲದೊಳಗೆ, ಅಂಗೈಗಿಂತ ತುಸುವೇ ದೊಡ್ಡದಾದ ಒಂದು ರಿವಾಲ್ವರ್ ಸಿಕ್ಕಿತು. ಸಿಲಿಂಡರಿನಲ್ಲಿ ತೋಟಾ ಕೂರುವ ಐದು ಮನೆಗಳಿವೆ. ನಳಿಗೆ ಎರಡೂವರೆ ಇಂಚು ಇದ್ದೀತು. ಮೇಲ್ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಬ್ರಿಟಿಷ್ ಬುಲ್‌ಡಾಗ್’ ಎಂದೂ, ಸಿಲಿಂಡರಿನ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ‘ಇ ಎಲ್ ಜಿ’ ಎಂದೂ ಕೊರೆದಿದೆ. ಕುದುರೆ, ಅಂದರೆ ತೋಟಾದ ಹಿಂಬದಿಗೆ ಬಡಿಯುವ ಭಾಗ, ಸಡಿಲವಾಗಿ ಆಡುತ್ತದೆ; ಒಳಗಿನ ಸ್ಪ್ರಿಂಗ್ ಮುರಿದಿರಬೇಕು. ಜೊತೆಗೆ ಹಸಿರು ಕಿಲುಬು ಹಿಡಿದ ಮೂರು ತೋಟಾಗಳೂ ಇದ್ದವು.

ಮಂಗ ಮತ್ತು ಕಾಡುಹಂದಿಯ ಕಾಟಕ್ಕೆಂದು ನನ್ನ ಹೆಸರಿನಲ್ಲಿ ಜೋಡುನಳಿಗೆ ಕೋವಿಗೆ ಪರವಾನಗಿ ಇದೆ. ಆದರೆ ರಿವಾಲ್ವರಿನ ವಿಷಯದಲ್ಲಿ ನಾನು ಹೊಸಬ. ಸ್ಪ್ರಿಂಗ್ ಹೊಸದಾಗಿ ಬಡಿದು ಕೂರಿಸಿಕೊಡುತ್ತೇನೆಂದು ನಮ್ಮೂರಿನ ಕಮ್ಮಾರ ಹೇಳುತ್ತಾನೆ. ಮಾಡಿಸಬಹುದೇ? ಇದಕ್ಕೆ ತೋಟಾ ಈಗಲೂ ಸಿಗುತ್ತದೆಯೇ? ನೂರು ವರ್ಷ ದಾಟಿದ ವಸ್ತುವಾದ್ದರಿಂದ ಪರವಾನಗಿಯೇ ಬೇಡವೆಂದು ನೆಂಟರೊಬ್ಬರು ಹೇಳಿದ್ದು ನಿಜವೇ?

ಉತ್ತರ: ನಿವೃತ್ತ ಗುಮಾಸ್ತ, ಶಿವಮೊಗ್ಗ

ತೋಟಗಾರರೇ, ಕಮ್ಮಾರನಿಗೆ ಇವತ್ತೇ ಬೇಡವೆಂದು ಹೇಳಿಬಿಡಿ. 1959ರ ಆಯುಧ ಅಧಿನಿಯಮದ 5ನೆಯ ಪ್ರಕರಣದಂತೆ ಬಂದೂಕು ತಯಾರಿಸುವುದು, ಮಾರುವುದು ಮಾತ್ರವಲ್ಲ, ವ್ಯವಹಾರವಾಗಿ ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕು. ಅವನು ಒಳ್ಳೆಯ ಕೆಲಸಗಾರನೇ ಇರಬಹುದು. ನಿಮ್ಮ ಉಪಕಾರಕ್ಕೆ ಹೋಗಿ ಅವನೂ ಸಿಕ್ಕಿಬೀಳುತ್ತಾನೆ.

ನಿಮ್ಮ ನೆಂಟರ ಮಾತಿಗೆ ಆಧಾರವೇ ಇಲ್ಲವೆಂದಲ್ಲ, ಆದರೆ ಅವರು ಅರ್ಧವನ್ನಷ್ಟೇ ಓದಿದ್ದಾರೆ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ 45ನೆಯ ಪ್ರಕರಣದ ‘ಸಿ’ ಉಪಖಂಡ ವಿನಾಯಿತಿ ಕೊಡುವುದು ನಿಜ. ಷರತ್ತು ಅದೇ ವಾಕ್ಯದ ಬಾಲದಲ್ಲಿದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲು ಸಾಧ್ಯವಾಗದಂತಿರಬೇಕು. ಸ್ಪ್ರಿಂಗ್ ಒಂದನ್ನು ಬದಲಿಸಿದರೆ ಗುಂಡು ಹಾರೀತು ಎಂದು ನೀವೇ ನಂಬಿ ಕೇಳುತ್ತಿದ್ದೀರಲ್ಲ, ಆ ನಂಬಿಕೆ ಸರಿಯಾದರೆ ವಿನಾಯಿತಿ ಅಲ್ಲಿಗೇ ಮುಗಿಯಿತು. ವಯಸ್ಸು ಎಷ್ಟೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೊಡಗಿನವರಿಗೆ ಪರವಾನಗಿ ಬೇಡವಂತಲ್ಲ ಎಂದು ನಮ್ಮ ಕಡೆಯ ಅನೇಕರು ವಾದಿಸುವುದುಂಟು; ಅದು ಕೊಡವರಿಗೂ ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪ್ರತ್ಯೇಕವಾಗಿ ಕೊಟ್ಟ ವಿನಾಯಿತಿ, ಘಟ್ಟದ ಈ ಭಾಗಕ್ಕೆ ಅನ್ವಯಿಸುವುದಿಲ್ಲ.

ನೀವು ಮಾಡಬೇಕಾದದ್ದು 21ನೆಯ ಪ್ರಕರಣದಲ್ಲಿದೆ. ಇಟ್ಟುಕೊಳ್ಳುವ ಹಕ್ಕು ಇಲ್ಲದ ಆಯುಧವನ್ನೂ ತೋಟಾಗಳನ್ನೂ ಅನಗತ್ಯವಾಗಿ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಅಥವಾ ನಿಯಮದಂತೆ ಪರವಾನಗಿ ಪಡೆದ ವ್ಯಾಪಾರಿಯಲ್ಲಿ, ಠೇವಣಿ ಇಡಬೇಕು. ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಿ ರಸೀದಿ ತರುವ ಅಭ್ಯಾಸ ನಿಮಗಿದ್ದೇ ಇದೆ. ಆದರೆ ವಸ್ತುವನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಬೇಡಿ. ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ನಡೆದುಕೊಳ್ಳಿ. ಎಲ್ಲಿ, ಯಾವಾಗ, ಯಾರ ಎದುರು ಸಿಕ್ಕಿತೆಂಬುದನ್ನು ಅರ್ಜಿಯಲ್ಲಿ ಬರೆಯಿರಿ. ಮುತ್ತಜ್ಜನದೋ ಅಜ್ಜನದೋ ಪರವಾನಗಿ ಪುಸ್ತಕ ಹಳೆಯ ಕಡತಗಳಲ್ಲಿದೆಯೇ ಎಂದೂ ಹುಡುಕಿ. ಅದು ಸಿಕ್ಕಿದರೆ ವಾರಸುದಾರರಾಗಿ ಜಿಲ್ಲಾಧಿಕಾರಿಯವರಿಗೆ ಅರ್ಜಿ ಕೊಡುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ನಿಮ್ಮಲ್ಲಿ ಒಂದೇ ಇರುವುದರಿಂದ ಆ ತೊಡಕು ಬರಲಾರದು.

ಉತ್ತರ: ಹಳೆ ಕೋವಿ ಆಸಕ್ತ, ಸಾಗರ

ಗುಮಾಸ್ತರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಇನ್ನು ವಸ್ತುವಿನ ವಿಷಯ. ಬ್ರಿಟಿಷ್ ಬುಲ್‌ಡಾಗ್ ಎಂಬುದು ಇಂಗ್ಲೆಂಡಿನ ವೆಬ್ಲಿ ಕಂಪನಿ 1872ರಲ್ಲಿ ಹೊರತಂದ ಕಿಸೆ ರಿವಾಲ್ವರ್. ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ಗಿಡ್ಡ, ಗುಂಡು ಮಾತ್ರ ದಪ್ಪ. ಅದು ಎಷ್ಟು ಜನಪ್ರಿಯವಾಯಿತೆಂದರೆ ಬೆಲ್ಜಿಯಂ ಮೊದಲಾದ ಕಡೆಗಳಲ್ಲಿ ಅದರ ನಕಲುಗಳು ರಾಶಿರಾಶಿಯಾಗಿ ತಯಾರಾದವು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ್ದೂ ಇದೇ ಜಾತಿಯ ರಿವಾಲ್ವರಿನಿಂದ. ನಿಮ್ಮದರ ಮೇಲಿರುವ ‘ಇ ಎಲ್ ಜಿ’ ಬೆಲ್ಜಿಯಂನ ಲೀಜ್ ನಗರದ ಪರೀಕ್ಷಾಲಯದ ಮುದ್ರೆ. ಆದ್ದರಿಂದ ಅದು ವೆಬ್ಲಿಯದಲ್ಲ, ನಕಲು; ಬೇಸರ ಬೇಡ, ನಕಲಿಗೂ ಈಗ ವಯಸ್ಸಾಗಿದೆ. ಮೊಟ್ಟೆಯಾಕಾರದ ಮೇಲೆ ಕಿರೀಟವಿದೆಯೇ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಬೇಕು, ಏಕೆಂದರೆ ಕಿರೀಟ ಸೇರಿದ್ದು 1893ರಲ್ಲಿ.

ತೋಟಾ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಸಾಮಾನ್ಯ ಪರವಾನಗಿದಾರರಿಗೆ ಸಿಗುವ ರಿವಾಲ್ವರ್ ತೋಟಾ ಎಂದರೆ ಮುಖ್ಯವಾಗಿ .32 ಬೋರಿನದು (ಬೋರ್ ಎಂದರೆ ಸುಮಾರಾಗಿ ನಳಿಗೆಯ ಒಳಗಿನ ಅಳತೆ, ಇಂಚಿನಲ್ಲಿ). ಬುಲ್‌ಡಾಗ್‌ಗಳು ಬಹುಮಟ್ಟಿಗೆ .442 ಅಥವಾ .450 ಬೋರಿನವು; .320, .380 ಬೋರಿನ ಚಿಕ್ಕವೂ ಇದ್ದವು. ಇವುಗಳ ತೋಟಾ ಅಂಗಡಿಯಲ್ಲಿ ಕೇಳಿದರೆ ವ್ಯಾಪಾರಿ ನಿಮ್ಮ ಮುಖ ನೋಡುತ್ತಾನೆ, ಅಷ್ಟೇ. ಸಿಕ್ಕಿದರೂ ಹಾರಿಸಬಾರದು ಎನ್ನುವುದು ನನ್ನ ಮಾತು. ಇವು ಕರಿಮದ್ದಿನ ಕಾಲದ ಆಯುಧಗಳು. 1889ರಲ್ಲಿ ಕಾರ್ಡೈಟ್ ಎಂಬ ಮದ್ದು ಬಂದ ಮೇಲೆ ಇಂಥ ಹೊಗೆಯಿಲ್ಲದ ಮದ್ದು ರೂಢಿಗೆ ಬಂತು. ಅದರ ಒತ್ತಡ ಏರುವ ರೀತಿಯೇ ಬೇರೆ. ನಕಲುಗಳಲ್ಲಿ ಉಕ್ಕಿನ ಗುಣವೂ ಒಂದೇ ಸಮನಲ್ಲ. ತೋಟಾ ಮನೆಯೊಳಗೆ ಸಲೀಸಾಗಿ ಕೂತಿತೆಂದ ಮಾತ್ರಕ್ಕೆ ಅದು ಆ ಆಯುಧದ್ದೇ ಎಂದಾಗುವುದಿಲ್ಲ. ಸಿಲಿಂಡರ್ ಸೀಳಿದರೆ ಮೊದಲು ಹೋಗುವುದು ನಿಮ್ಮ ಬೆರಳು.

ಇನ್ನೊಂದು ಸೂಕ್ಷ್ಮವಿದೆ. .380 ಅಥವಾ .455 ಬೋರಿನ, ಅಂಚಿರುವ ತೋಟಾ ಹಿಡಿಸಿ ಹಾರಿಸಬಲ್ಲ ರಿವಾಲ್ವರ್ ನಿಷೇಧಿತ ಬೋರಿನ ವರ್ಗಕ್ಕೆ ಸೇರುತ್ತದೆ. ಅದರ ಪರವಾನಗಿ ಜಿಲ್ಲೆಯಲ್ಲಿ ಆಗುವ ಕೆಲಸವಲ್ಲ, ಕೇಂದ್ರ ಗೃಹ ಸಚಿವಾಲಯದ್ದು. ಹಳೆಯ ನಕಲುಗಳ ಮನೆಗಳನ್ನು ಸಡಿಲವಾಗಿ ಕೊರೆದಿರುವುದುಂಟು. ಹೀಗಾಗಿ ಬೋರ್ ಯಾವುದೆಂದು ಪೊಲೀಸ್ ಇಲಾಖೆಯ ಆಯುಧ ತಜ್ಞರೇ ಅಳೆದು ಬರೆದುಕೊಡಲಿ. ಅರ್ಜಿಯಲ್ಲಿ ನೀವಾಗಿ ಊಹಿಸಿ ಬರೆಯಬೇಡಿ.

ಉತ್ತರ: ಸಂಗ್ರಹಾಲಯ ಪ್ರೇಮಿ, ಹೊಸನಗರ

ನಮ್ಮ ತಾಲ್ಲೂಕಿನ ನಗರ ಎಂಬ ಊರಿನ ಬಳಿ 2018ರಲ್ಲಿ ಹಳೆಯ ಬಾವಿಯೊಂದರ ಹೂಳೆತ್ತಿದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಇನ್ನೂರು ವರ್ಷ ಕೆಸರಿನಲ್ಲಿದ್ದರೂ ಅವುಗಳೊಳಗೆ ಮದ್ದು ಇತ್ತು. ನಿಮ್ಮ ಮೂರು ತೋಟಾಗಳನ್ನು ಹಾಳಾದವೆಂದು ಎಣಿಸಿ ಉಜ್ಜುವುದು, ಬಿಸಿಲಿಗಿಡುವುದು, ಬಿಚ್ಚುವುದು ಯಾವುದನ್ನೂ ಮಾಡಬೇಡಿ ಎನ್ನಲು ಇದನ್ನು ಹೇಳಿದೆ. ರಿವಾಲ್ವರಿನ ಮನೆಗಳಲ್ಲಿ ತೋಟಾ ಉಳಿದಿರಬಹುದು; ಅದನ್ನು ಠಾಣೆಯವರೇ ನೋಡಲಿ.

ಮುಂದೆ ಅದು ಕಾನೂನುಬದ್ಧವಾಗಿ ನಿಮ್ಮ ಕೈಗೆ ಮರಳಿದರೆ, ಅದನ್ನು ಹೊಸದರಂತೆ ಕಾಣಿಸುವ ಆಸೆ ಬಿಡಿ. ಮರಳು ಕಾಗದ, ತಂತಿ ಬ್ರಷ್ಷು, ನಿಕಲ್ ಲೇಪನ ಇವು ಮೂರೂ ಹಳೆಯ ವಸ್ತುವಿನ ಶತ್ರುಗಳು. ಮುದ್ರೆ ಅಳಿದರೆ ಅದರ ಚರಿತ್ರೆಯೂ ಅಳಿಯಿತು. ಕೆಂಪು ತುಕ್ಕು ಹರಡುತ್ತದೆ, ಅದನ್ನು ತೆಳುವಾದ ಯಂತ್ರದ ಎಣ್ಣೆಯಲ್ಲಿ ನೆನೆಸಿ ಮೃದುವಾದ ಬಟ್ಟೆಯಿಂದ ತೆಗೆಯಬೇಕು. ಗಟ್ಟಿಯಾಗಿ ಕೂತ ಕಂದು ಬಣ್ಣವನ್ನು ಹಾಗೆಯೇ ಬಿಡಬೇಕು. ಕೊಬ್ಬರಿ ಎಣ್ಣೆ ಸವರುವ ರೂಢಿ ನಮ್ಮಲ್ಲಿದೆ, ಕಾಲಕ್ರಮದಲ್ಲಿ ಅದು ಅಂಟಾಗುತ್ತದೆ. ಚರ್ಮದ ಚೀಲದಲ್ಲಂತೂ ಮತ್ತೆ ಇಡಬೇಡಿ. ಚರ್ಮ ತೇವ ಹೀರುತ್ತದೆ, ಹದಮಾಡಲು ಬಳಸಿದ ಆಮ್ಲ ಲೋಹವನ್ನು ತಿನ್ನುತ್ತದೆ. ತೋಟಾದ ಹಿತ್ತಾಳೆಗೆ ಹಸಿರು ಹತ್ತಿದ್ದೂ ಅದರಿಂದಲೇ ಇರಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಆಷಾಢ ಕಳೆಯುವುದರೊಳಗೆ ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೇ ಬೂಷ್ಟು ಬರುವಾಗ, ಚರ್ಮದ ಗತಿ ಕೇಳಬೇಕೇ? ಚೀಲವನ್ನು ಬೇರೆಯಾಗಿ, ಕಾಗದದಲ್ಲಿ ಸುತ್ತಿ ಉಳಿಸಿಕೊಳ್ಳಿ.

ಮರುಮಾತು: ತೀರ್ಥಹಳ್ಳಿ ತೋಟಗಾರ

ಎಲ್ಲರಿಗೂ ಕೃತಜ್ಞತೆಗಳು. ಠಾಣೆಗೆ ದೂರವಾಣಿ ಮಾಡಿದೆ. ಮರುದಿನ ಅವರೇ ಬಂದು ಪಂಚರ ಎದುರು ಪೆಟ್ಟಿಗೆ ನೋಡಿ, ರಿವಾಲ್ವರನ್ನೂ ಮೂರು ತೋಟಾಗಳನ್ನೂ ತೆಗೆದುಕೊಂಡು ರಸೀದಿ ಕೊಟ್ಟರು. ಸಿಲಿಂಡರಿನಲ್ಲಿ ಒಂದು ತೋಟಾ ಇತ್ತು. ಅದುವರೆಗೆ ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದರೆಂಬುದು ನೆನಪಾಗಿ ನನ್ನ ಮನೆಯವಳು ಇನ್ನೂ ನನ್ನೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಮೊಟ್ಟೆಯ ಮೇಲೆ ಕಿರೀಟವಿಲ್ಲ. ಅಡಕೆ ಮಂಡಿಯ ಹಳೆಯ ಲೆಕ್ಕದ ಪುಸ್ತಕಗಳ ನಡುವೆ ಅಜ್ಜನ ಹೆಸರಿನ ಪರವಾನಗಿ ಪುಸ್ತಕವೊಂದು ಸಿಕ್ಕಿದೆ. ಅದರಲ್ಲಿ ಒಂಟಿನಳಿಗೆ ಕೋವಿಯ ಕೆಳಗೆ ಇನ್ನೊಂದು ಸಾಲಿದೆ, ಗೆದ್ದಲು ತಿಂದು ಅಂಕಿ ಕಾಣುತ್ತಿಲ್ಲ. ಗುಮಾಸ್ತರೇ, ಇಂಥ ಪುಟವನ್ನು ಅರ್ಜಿಗೆ ಲಗತ್ತಿಸಬಹುದೇ?

ಉತ್ತರ: ನಿವೃತ್ತ ಗುಮಾಸ್ತ, ಶಿವಮೊಗ್ಗ

ಲಗತ್ತಿಸಿ. ಮೂಲ ಪುಸ್ತಕವನ್ನು ಯಾರ ಕೈಗೂ ಬಿಟ್ಟುಕೊಡದೆ, ನೆರಳಚ್ಚು ಪ್ರತಿ ಕೊಟ್ಟು, ಕೇಳಿದಾಗ ಮೂಲವನ್ನು ತೋರಿಸಿ. ಪುಸ್ತಕದ ಸಂಖ್ಯೆ ಮತ್ತು ಕೊನೆಯ ನವೀಕರಣದ ಮುದ್ರೆ ಓದಲು ಬರುವಂತಿದ್ದರೆ, ಕಚೇರಿಯ ಹಳೆಯ ವಹಿಯಲ್ಲಿ ಆ ಸಾಲನ್ನು ಹುಡುಕಿಸಿ ದೃಢೀಕೃತ ನಕಲು ಕೊಡಬೇಕೆಂದು ಪ್ರತ್ಯೇಕ ಅರ್ಜಿ ಬರೆಯಿರಿ.